ಪುಸ್ತಕದ ಬದನೆಕಾಯಿಯೂ ಕೆಂಡದ ಬದನೆಕಾಯಿಯೂ

ಓದಿ ಬಲ್ಲವನಾಗಿ ಮಾಡಿ ಅರಿಯದವನನ್ನು ಕಂಡರೆ ನಮ್ಮ ಜನ ನಕ್ಕು, “ಅವನದೆಲ್ಲ ಪುಸ್ತಕದ ಬದನೆಕಾಯಿ” ಎನ್ನುತ್ತಾರೆ. ಕಾಲೇಜಿನಲ್ಲಿ ಪಾಠ ಹೇಳಿ ಜೀವಿಸುವ ನಮ್ಮಂಥವರ ಕಿವಿಗೆ ಈ ಮಾತು ವರ್ಷಕ್ಕೆ ನಾಲ್ಕಾರು ಬಾರಿಯಾದರೂ ಬೀಳದೆ ಇರುವುದಿಲ್ಲ. ಇದಕ್ಕೆ ಜೊತೆಯಾಗಿ ಇನ್ನೊಂದು ಗಾದೆಯೂ ಉಂಟು: ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಎರಡರಲ್ಲಿಯೂ ಏಟು ಬೀಳುವುದು ಉಪಾಧ್ಯಾಯನ ಬೆನ್ನಿಗೇ. ಆದುದರಿಂದ ಈ ಹೊತ್ತಿನ ಭಾಷಣದಲ್ಲಿ ಬದನೆಕಾಯಿಯನ್ನು ಪುಸ್ತಕದಿಂದ ಹೊರಕ್ಕೆ ತೆಗೆದು, ಬೆಂಕಿಯಲ್ಲಿಟ್ಟು, ಸುಟ್ಟು, ಸಿಪ್ಪೆ ಸುಲಿದು, ಗೊಜ್ಜು ಮಾಡಿ, ಬಿಸಿ ಅನ್ನದೊಡನೆ ಕಲಸುವವರೆಗಿನ ವಿಚಾರವನ್ನು ಶ್ರೋತೃಗಳ ಮುಂದಿಡಬೇಕೆಂದು ಸಂಕಲ್ಪಿಸಿದ್ದೇವೆ. ಈ ವಿಷಯದಲ್ಲಿ ನಮಗೆ ಪಾಂಡಿತ್ಯವೇನೂ ಇಲ್ಲ. ಎರಡು ಬಾರಿ ಕೆಡಿಸಿ ಮೂರನೆಯ ಬಾರಿ ಮಾಡಿದ ಅನುಭವ ಮಾತ್ರ ಇದೆ.

ಆ ಅನುಭವ ಬಂದ ಬಗೆ ಹೀಗೆ. ಕೆಲವು ವರ್ಷಗಳ ಹಿಂದೆ, ನಮ್ಮ ತಾಯಿಯವರು ತೀರಿಕೊಂಡ ವರ್ಷದ ಮಳೆಗಾಲದಲ್ಲಿ, ನಮ್ಮ ಮನೆಯವರು ತಂಗಿಯ ಬಾಣಂತನಕ್ಕೆಂದು ತವರಿಗೆ ಹೋಗಬೇಕಾಯಿತು. ಮನೆಯಲ್ಲಿ ಉಳಿದವರು ನಾವು, ಮತ್ತು ಎಂಬತ್ತು ದಾಟಿದ ನಮ್ಮ ತಂದೆಯವರು. ಹೋಟೆಲಿನಿಂದ ತರಿಸಿದ ಊಟವನ್ನು ಅವರು ಮೊದಲನೆಯ ದಿನ ಅರ್ಧ ಉಂಡರು. ಎರಡನೆಯ ದಿನ ಕಾಲುಭಾಗ. ಮೂರನೆಯ ದಿನ ಮಜ್ಜಿಗೆ ಅನ್ನವನ್ನು ನಾಲ್ಕು ತುತ್ತು ತೆಗೆದುಕೊಂಡು ಕೈ ತೊಳೆದರು. ತಾಯಿಯವರು ಹೋದಂದಿನಿಂದ ಅವರ ಊಟ ಹೇಗೂ ಇಳಿದಿತ್ತು. ಈಗ ಅದು ನಿಂತೇ ಹೋಗುವ ಹಾಗೆ ಕಂಡಿತು. ವೈದ್ಯರು ಬಂದು ನೋಡಿ, ರೋಗವೇನೂ ಇಲ್ಲ, ಬಾಯಿಗೆ ಹಿಡಿಸಿದ್ದನ್ನು ಕೊಡಿ ಎಂದರು. ಏನು ಬೇಕೆಂದು ನಾವು ಕೇಳಿದರೆ, ಏನೂ ಬೇಡವೆಂಬುದೇ ಉತ್ತರ. ಬಹಳ ಒತ್ತಾಯಿಸಿದ ಮೇಲೆ ಗೋಡೆಯ ಕಡೆ ಮುಖ ಮಾಡಿಕೊಂಡು, “ಸುಟ್ಟ ಬದನೆಕಾಯಿ ಗೊಜ್ಜಿದ್ದರೆ ಒಂದು ತುತ್ತು ಇಳಿಯುತ್ತಿತ್ತೋ ಏನೋ” ಎಂದರು. ರಾತ್ರಿಯ ಅಡಿಗೆ ಮುಗಿದು ಒಲೆ ಆರುತ್ತಿರುವಾಗ ನಮ್ಮ ತಾಯಿಯವರು ಬೂದಿಯಲ್ಲಿ ಹುದುಗಿಸಿ ಮಾಡುತ್ತಿದ್ದ ಪದಾರ್ಥ ಅದು.

ನಮ್ಮ ಅಡಿಗೆಮನೆಯಲ್ಲಿ ಒಲೆಯೂ ಇರಲಿಲ್ಲ, ಬೂದಿಯೂ ಇರಲಿಲ್ಲ. ಮಕ್ಕಳ ಹುಟ್ಟುಹಬ್ಬಗಳಿಗೆ ಕೇಕು ಮಾಡಲೆಂದು ಕೊಂಡ ಎಲೆಕ್ಟ್ರಿಕ್ ಓವನ್ ಒಂದಿತ್ತು. ಇಂಗ್ಲಿಷಿನ ಪಾಕಪುಸ್ತಕವೊಂದನ್ನು ತೆರೆದು, ಉಷ್ಣಮಾನ ಎಷ್ಟು, ಕಾಲ ಎಷ್ಟು ಎಂಬುದನ್ನು ಗುರುತು ಮಾಡಿಕೊಂಡು, ದಪ್ಪನೆಯ ಒಂದು ಬದನೆಕಾಯಿಯನ್ನು ಒಳಗಿಟ್ಟು, ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತೆವು. ಅರ್ಧ ಗಂಟೆಯಾಗಿರಬಹುದು, ಅಡಿಗೆಮನೆಯಿಂದ ಗರ್ನಾಲು ಹೊಡೆದಂಥ ಸದ್ದು ಕೇಳಿಸಿತು. ಬಾಗಿಲು ತೆರೆದು ನೋಡಿದರೆ ತೊಟ್ಟು ಒಂದು ಕಡೆ, ಸಿಪ್ಪೆ ಇನ್ನೊಂದು ಕಡೆ. ತಿರುಳೆಲ್ಲ ನಾಲ್ಕು ಗೋಡೆಗಳಿಗೂ ಸಾರಿಸಿದ ಹಾಗೆ ಮೆತ್ತಿಕೊಂಡಿತ್ತು. ಪುಸ್ತಕವನ್ನು ಮತ್ತೆ ನೋಡಿದಾಗ ಮೊದಲನೆಯ ಪಂಕ್ತಿಯಲ್ಲಿಯೇ, ಕಾಯಿಯನ್ನು ಅಲ್ಲಲ್ಲಿ ಚುಚ್ಚಬೇಕು ಎಂದಿತ್ತು. ತಂದೆಯವರು ಗೋಡೆ ಹಿಡಿದುಕೊಂಡು ಬಂದು, ಒಳಕ್ಕೆ ಇಣುಕಿ, ಸದ್ದಿಲ್ಲದೆ ನಕ್ಕರು. ತಿಂಗಳುಗಳ ಮೇಲೆ ಅವರು ನಕ್ಕದ್ದು ಅಂದೇ. ಊಟ ಮಾತ್ರ ಅಂದೂ ಮಜ್ಜಿಗೆ ಅನ್ನವೇ ಆಯಿತು.

ಇಲ್ಲಿ ಕಥೆಯನ್ನು ನಿಲ್ಲಿಸಿ, ಕಾಯಿ ಏಕೆ ಸಿಡಿಯಿತೆಂಬುದನ್ನು ವಿಚಾರಿಸೋಣ. ಅದನ್ನು ತಿಳಿದರೆ ಈ ಅಡಿಗೆಯ ಮುಕ್ಕಾಲು ಪಾಲು ತಿಳಿದಂತೆ.

ಇಂಗ್ಲಿಷಿನ ‘ಬೇಕ್’ ಎಂಬ ಕ್ರಿಯೆಗೆ ಕನ್ನಡದಲ್ಲಿ ಮಾತಿಲ್ಲವೆಂದು ನಮ್ಮ ಸ್ನೇಹಿತರೊಬ್ಬರು ವಾದಿಸುವುದುಂಟು. ಮಾತಿಲ್ಲದೆ ಏನು? ನಾವು ಅನ್ನವನ್ನು ಬೇಯಿಸುತ್ತೇವೆ, ರವೆಯನ್ನು ಹುರಿಯುತ್ತೇವೆ, ವಡೆಯನ್ನು ಕರಿಯುತ್ತೇವೆ. ರೊಟ್ಟಿಯನ್ನು, ಹಪ್ಪಳವನ್ನು, ಗೆಣಸನ್ನು ಸುಡುತ್ತೇವೆ. ಮಡಕೆಯನ್ನೂ ಇಟ್ಟಿಗೆಯನ್ನೂ ಸುಡುವುದೇ. ನೀರಿಲ್ಲದೆ, ಎಣ್ಣೆಯಿಲ್ಲದೆ, ಒಣ ಉಷ್ಣದಿಂದ ಪಕ್ವ ಮಾಡುವುದಕ್ಕೆ ‘ಸುಡು’ ಎಂಬುದೇ ನಮ್ಮ ಹಳೆಯ ಮಾತು. ಈಚೆಗೆ ಅದಕ್ಕೆ ನಾಶದ ಅರ್ಥವೇ ಮುಂದಾಗಿ, “ಪಲ್ಯ ಸುಟ್ಟುಹೋಯಿತು” ಎಂಬಲ್ಲಿಯೂ ಬೈಗುಳಗಳಲ್ಲಿಯೂ ಮಾತ್ರ ಅದು ಹೆಚ್ಚಾಗಿ ಕೇಳಿಸುತ್ತಿರುವುದರಿಂದ, ಸುಡುವುದೂ ಒಂದು ಪಾಕಕ್ರಮವೆಂಬುದನ್ನು ಓದಿದವರು ಮರೆತಿದ್ದಾರೆ. ಕ್ಲಬ್ಬುಗಳಲ್ಲಿ ಬಿಳಿಯ ಸಾಸು ಸುರಿದು ಬಡಿಸುವ ‘ಬೇಕ್ಡ್ ವೆಜಿಟಬಲ್ಸ್’ಗೆ ಕೊಡುವ ಮರ್ಯಾದೆಯನ್ನು ಅವರು ಬೂದಿಯಲ್ಲಿ ಸುಟ್ಟ ಗೆಣಸಿಗೆ ಕೊಡರು. ಬೂದಿ ಮುಚ್ಚಿದ ಕೆಂಡಕ್ಕಿಂತ ಒಳ್ಳೆಯ ಓವನ್ ಯಾವುದಿದ್ದೀತು? ಬೂದಿ ಉಷ್ಣವನ್ನು ಹೊರಕ್ಕೆ ಬೇಗ ಬಿಡದು. ಕಾಯಿಯ ಸುತ್ತಲೂ ಒಂದೇ ಸಮನಾಗಿ, ನಿಧಾನವಾಗಿ ಹಂಚುತ್ತದೆ. ಮೇಲಾಗಿ ಅದು ಊಟದ ಅಡಿಗೆ ಮುಗಿದ ಮೇಲೆ ಉಳಿದ ಬೆಂಕಿ. ಅದಕ್ಕಾಗಿ ಒಂದು ಕಡ್ಡಿ ಸೌದೆಯೂ ಬೇರೆ ಖರ್ಚಾಗುತ್ತಿರಲಿಲ್ಲ.

ಬದನೆಕಾಯಿಯ ತೂಕದಲ್ಲಿ ನೂರಕ್ಕೆ ಸುಮಾರು 92 ಭಾಗ ನೀರು. ಆದರೂ ಕೈಯಲ್ಲಿ ಹಿಡಿದರೆ ಅದು ಗಾತ್ರಕ್ಕೆ ಹಗುರ. ಏಕೆಂದರೆ ಅದರ ತಿರುಳು ಸ್ಪಂಜಿನಂತೆ. ಜೀವಕೋಶಗಳ ನಡುವೆ ಗಾಳಿ ತುಂಬಿದ ಸಂದುಗಳು ಬೇಕಾದಷ್ಟಿವೆ. ಹೆಚ್ಚಿ ಬಾಣಲೆಗೆ ಹಾಕಿದರೆ ಬದನೆಕಾಯಿ ಎಣ್ಣೆಯನ್ನು ಹೀರಿಬಿಡುವುದು ಈ ಸಂದುಗಳ ಮೂಲಕವೇ. ಇಡಿಯಾಗಿ ಬೆಂಕಿಗಿಟ್ಟಾಗ ನಡೆಯುವುದು ಬೇರೆ. ಮೊದಲು ಹೊರಗಿನ ಪದರ ಕಾಯುತ್ತದೆ. ಉಷ್ಣ ಒಳಕ್ಕೆ ಇಳಿದಂತೆಲ್ಲ ಕೋಶಗಳ ಪೊರೆಗಳು ಒಡೆದು, ಅವುಗಳನ್ನು ಒಂದಕ್ಕೊಂದು ಅಂಟಿಸಿದ್ದ ಪೆಕ್ಟಿನ್ ಎಂಬ ವಸ್ತು ಸಡಿಲವಾಗಿ, ಒಳಗಿದ್ದ ನೀರು ಹೊರಬರುತ್ತದೆ, ಗಾಳಿ ಹೊರಟುಹೋಗುತ್ತದೆ. ತಿರುಳು ಬೇಯುವುದು ತನ್ನ ನೀರಿನ ಆವಿಯಲ್ಲಿಯೇ. ಸಿಪ್ಪೆ ಪಾತ್ರೆ, ತೊಟ್ಟು ಮುಚ್ಚಳ. ಒಳಗೆ ನೀರು ಇರುವವರೆಗೂ ಅಲ್ಲಿಯ ಉಷ್ಣಮಾನ ನೀರು ಕುದಿಯುವ ಮಟ್ಟವನ್ನು ಹೆಚ್ಚು ದಾಟಲಾರದು. ಆ ಮಟ್ಟ ಸಮುದ್ರತೀರದಲ್ಲಿ 100 ಡಿಗ್ರಿ, ಬೆಂಗಳೂರು ಮೈಸೂರುಗಳ ಎತ್ತರದಲ್ಲಿ 97ರ ಆಸುಪಾಸು. ಹೊರಗಿನ ಸಿಪ್ಪೆಯಾದರೋ ಒಣಗಿ, ಅದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ಕಾದು, ಕರಿಯಾಗಿ ಹೊಗೆಯಾಡುತ್ತದೆ. ಆ ಹೊಗೆಯ ಪರಿಮಳ ಒಳಗಿನ ಒದ್ದೆ ತಿರುಳಿಗೆ ಅಂಟಿಕೊಳ್ಳುತ್ತದೆ. ಹೊರಗೆ ಇದ್ದಿಲು, ಒಳಗೆ ಬೆಣ್ಣೆ. ಒಂದೇ ಕಾಯಿಯಲ್ಲಿ ಒಂದೇ ಕಾಲಕ್ಕೆ ಎರಡು ಬಗೆಯ ಪಾಕ. ಆವಿ ಹೊರಬೀಳಲು ದಾರಿಯಿಲ್ಲದೆ ಹೋದರೆ ಕಾಯಿ ತಾನೇ ದಾರಿ ಮಾಡಿಕೊಳ್ಳುತ್ತದೆ. ನಮ್ಮ ಓವನ್ನಿನಲ್ಲಿ ಆದದ್ದು ಇಷ್ಟೇ.

ಹೆಚ್ಚಿ ಸುಟ್ಟರೆ ಏನಾಗುತ್ತದೆಂದು ಕೇಳುವವರಿರಬಹುದು. ಬದನೆಕಾಯಿಯನ್ನು ಹೆಚ್ಚಿಟ್ಟರೆ ಗಳಿಗೆಯಲ್ಲಿ ಕಂದಾಗುವುದನ್ನು ಎಲ್ಲರೂ ನೋಡಿದ್ದೀರಿ. ಅದಕ್ಕಾಗಿಯೇ ಹೋಳುಗಳನ್ನು ನೀರಿಗೆ ಹಾಕುವುದು. ತಿರುಳಿನಲ್ಲಿರುವ ಒಂದು ಕಿಣ್ವ ಗಾಳಿಯ ಸಂಪರ್ಕದಲ್ಲಿ ಆ ಬಣ್ಣವನ್ನು ಉಂಟುಮಾಡುತ್ತದೆ. ಇಡಿಯಾಗಿ ಸುಟ್ಟಾಗ ಗಾಳಿ ತಾಗುವುದಕ್ಕೆ ಮೊದಲೇ ಬಿಸಿಯಿಂದ ಕಿಣ್ವದ ಶಕ್ತಿ ಕುಂದಿಹೋಗುವುದರಿಂದ ತಿರುಳು ಎಳೆ ಹಸುರು ಬೆರೆತ ಕೆನೆಬಣ್ಣದಲ್ಲಿಯೇ ಉಳಿಯುತ್ತದೆ.

ಈ ಕಾಯಿ ನಮ್ಮ ಕಡೆಯದೇ, ಪರದೇಶದಿಂದ ಬಂದದ್ದಲ್ಲ. ಮೆಣಸಿನಕಾಯಿ, ಆಲೂಗೆಡ್ಡೆ, ಟೊಮ್ಯಾಟೊ ಇವೆಲ್ಲ ಅದರ ಕುಲದವೇ ಆದರೂ ಅಮೆರಿಕದಿಂದ ಹಡಗು ಹತ್ತಿ ಬಂದವು; ಬದನೆ ಏಷ್ಯಾಖಂಡದ ಈ ದಕ್ಷಿಣಭಾಗದಲ್ಲಿಯೇ ಕೃಷಿಗೆ ಒಗ್ಗಿದ ಸಸ್ಯ. ಅದರ ಹೆಸರಿನ ಸಂಚಾರವಂತೂ ಸೊಗಸಾದ ಕಥೆ. ಸಂಸ್ಕೃತದ ‘ವಾತಿಂಗಣ’ ಪಾರಸಿಯಲ್ಲಿ ‘ಬಾದಿಂಗಾನ್’ ಆಗಿ, ಅರಬ್ಬಿಯಲ್ಲಿ ‘ಬಾದಿಂಜಾನ್’ ಆಗಿ, ಅರಬರೊಡನೆ ಸ್ಪೇನ್ ಪೋರ್ಚುಗಲ್ಲುಗಳಿಗೆ ಹೋಗಿ ‘ಬೆರಿಂಜೇಲ’ ಆಯಿತೆಂದು ಭಾಷಾವಿದರು ಹೇಳುತ್ತಾರೆ. ಆ ಪೋರ್ಚುಗೀಸರ ಬಾಯಿಂದಲೇ ಅದು ಮತ್ತೆ ನಮ್ಮ ದೇಶಕ್ಕೆ ಹಿಂದಿರುಗಿ, ಇಲ್ಲಿಯ ಇಂಗ್ಲಿಷಿನಲ್ಲಿ ‘ಬ್ರಿಂಜಾಲ್’ ಎನ್ನಿಸಿಕೊಂಡಿತು. ವಿಲಾಯಿತಿಯಲ್ಲಿ ಆ ಮಾತು ಬಳಕೆಯಲ್ಲಿಲ್ಲ. ಅಲ್ಲಿ ಫ್ರೆಂಚರ ‘ಓಬರ್ಜೀನ್’ ಎಂಬುದೇ ರೂಢಿ, ಅದೂ ಅರಬ್ಬಿಯ ಮೂಲದ್ದೇ. ಕನ್ನಡಿಗರು ಈ ಕಾಯಿಯನ್ನು ಎಷ್ಟು ಆದರಿಸಿದರೆಂಬುದಕ್ಕೆ 16ನೆಯ ಶತಮಾನದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವೇ ಸಾಕ್ಷಿ. ಅಡಿಗೆಯನ್ನು ಷಟ್ಪದಿಯಲ್ಲಿ ಹೇಳಿದ ಆ ಕವಿ ಬದನೆಕಾಯಿಯ ಪಾಕಗಳಿಗೆಂದೇ ಒಂದು ಭಾಗವನ್ನು ಮೀಸಲಿಟ್ಟಿದ್ದಾನೆ. ಪುಸ್ತಕದ ಬದನೆಕಾಯಿ ಎಂದು ನಗುವವರು ಈ ಪುಸ್ತಕವನ್ನಾದರೂ ಗಮನಿಸಬೇಕು.

ಸುಟ್ಟು ಮಸೆದು ತಿನ್ನುವುದು ನಮ್ಮಲ್ಲಿ ಮಾತ್ರವಿರುವ ಪದ್ಧತಿಯೂ ಅಲ್ಲ. ಮಹಾರಾಷ್ಟ್ರದವರ ಭರೀತ, ಉತ್ತರದವರ ಭರ್ತಾ, ಸಿರಿಯ ಲೆಬನಾನ್‌ಗಳ ಕಡೆ ಎಳ್ಳಿನ ಅರೆತವನ್ನೂ ನಿಂಬೆಯ ರಸವನ್ನೂ ಕೂಡಿಸಿ ರೊಟ್ಟಿಯೊಡನೆ ತಿನ್ನುವ ಮುತಬ್ಬಲ್, ಇವೆಲ್ಲ ಒಂದೇ ಬೆಂಕಿಯ ಮಕ್ಕಳು. ನಮ್ಮದು ಹುಣಿಸೆ ಬೆಲ್ಲಗಳ ಗೊಜ್ಜು, ಇಲ್ಲವೆ ಮೊಸರುಗೊಜ್ಜು.

ಇನ್ನು ಕಾಯಿಯ ಆಯ್ಕೆ. ಮೈಸೂರಿನ ಈರನಗೆರೆಯ ಹಸುರು ಬದನೆ, ಉಡುಪಿಯ ಬಳಿಯ ಮಟ್ಟು ಗ್ರಾಮದ ಗುಳ್ಳ ಎಂದರೆ ಆಯಾ ಊರಿನವರು ಬೇರೆ ಕಾಯಿಯ ಮಾತನ್ನೇ ಎತ್ತಗೊಡರು. ಮಟ್ಟುಗುಳ್ಳಕ್ಕೆ ವಾದಿರಾಜಸ್ವಾಮಿಗಳ ಐತಿಹ್ಯವೂ, 2011ರಲ್ಲಿ ದೊರೆತ ಭೌಗೋಳಿಕ ಗುರುತಿನ ಮುದ್ರೆಯೂ ಇವೆ. ಆದರೆ ಅವುಗಳ ವೈಭವ ಹುಳಿಯಲ್ಲಿ, ವಾಂಗಿಭಾತಿನಲ್ಲಿ. ಸುಡುವುದಕ್ಕೆ ನಮ್ಮ ಆಯ್ಕೆ ಪೇಟೆಯಲ್ಲಿ ಎಲ್ಲ ಕಾಲದಲ್ಲಿಯೂ ದೊರೆಯುವ ದಪ್ಪನೆಯ ನೇರಳೆಬಣ್ಣದ ಗುಂಡು ಬದನೆ. ಒಂದೊಂದು 350ರಿಂದ 450 ಗ್ರಾಂ ತೂಗಲಿ. ಸಣ್ಣ ಕಾಯಿಗಳಲ್ಲಿ ಸಿಪ್ಪೆಯೇ ಹೆಚ್ಚಾಗಿ, ಸುಲಿದ ಮೇಲೆ ತಿರುಳು ಏನೂ ಉಳಿಯದು. ಸಿಪ್ಪೆ ಹೊಳೆಯುತ್ತಿರಬೇಕು, ತೊಟ್ಟಿನ ಟೊಪ್ಪಿಗೆ ಹಸುರಾಗಿರಬೇಕು, ಹೆಬ್ಬೆರಳಿನಿಂದ ಒತ್ತಿದರೆ ತಗ್ಗು ಬಿದ್ದು ಮತ್ತೆ ಮೇಲೇಳಬೇಕು. ಒಂದೇ ಗಾತ್ರದ ಎರಡು ಕಾಯಿಗಳಲ್ಲಿ ಹಗುರವಾದದ್ದನ್ನು ತೆಗೆದುಕೊಳ್ಳಿ. ಭಾರವಾದದ್ದು ಬಲಿತು ಬೀಜ ತುಂಬಿ ಕಹಿಯಾಗಿರುವ ಸಂಭವ ಹೆಚ್ಚು.

ಹುಳುವಿನ ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಬದನೆಯ ಕುಡಿಯನ್ನೂ ಕಾಯಿಯನ್ನೂ ಕೊರೆಯುವ ಒಂದು ಹುಳು ನಮ್ಮ ರೈತರಿಗೆ ದೊಡ್ಡ ಶತ್ರು. ಹೆಚ್ಚುವ ಅಡಿಗೆಯಲ್ಲಿ ಅದು ಕಣ್ಣಿಗೆ ಬೀಳುತ್ತದೆ. ಇಡಿಯಾಗಿ ಸುಡುವ ಅಡಿಗೆಯಲ್ಲಿ ಬೀಳುವುದು ಊಟದ ಎಲೆಯಲ್ಲಿ. ಕಾಯಿಯ ಮೇಲೆ ಸೂಜಿಮೊನೆಯಷ್ಟು ರಂಧ್ರ ಕಂಡರೂ ಬಿಟ್ಟುಬಿಡಿ. ನಂಬಿಕೆ ಸಾಲದಿದ್ದರೆ, ತೊಟ್ಟು ಬೇರೆಯಾಗದಂತೆ ತುದಿಯ ಕಡೆಯಿಂದ ನಾಲ್ಕು ಭಾಗವಾಗಿ ಸೀಳಿ, ಬಿಡಿಸಿ ನೋಡಿ, ಮತ್ತೆ ಕೂಡಿಸಿಬಿಡಿ. ಸೀಳಿದ ಒಳಮೈ ಸ್ವಲ್ಪ ಕಂದಾದರೂ ಚಿಂತೆಯಿಲ್ಲ. ಆಗ ಚುಚ್ಚುವ ಕೆಲಸವೂ ಉಳಿಯುತ್ತದೆ, ಬೆಳ್ಳುಳ್ಳಿ ತಿನ್ನುವ ಮನೆಯಾದರೆ ನಾಲ್ಕು ಎಸಳುಗಳನ್ನು ಒಳಗಿಟ್ಟು ಸುಡಬಹುದು. ಸೀಳದೆ ಇಡುವುದಾದರೆ ಚೂರಿಯ ಮೊನೆಯಿಂದ ಆರೇಳು ಕಡೆ ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಚುಚ್ಚಿ. ಈ ಮಾತನ್ನು ನಾವು ಎರಡು ಬಾರಿ ಹೇಳಲೂ ಸಿದ್ಧ.

ಸಿಡಿದ ಮಾರನೆಯ ದಿನ ನಾವು ಓವನ್ನಿನ ಸಹವಾಸ ಬೇಡವೆಂದು ಗ್ಯಾಸಿನ ಒಲೆಗೆ ಶರಣಾದೆವು. ಉರಿಯನ್ನು ಪೂರ್ತಿ ಏರಿಸಿ ಕಾಯಿಯನ್ನು ಅದರ ಮೇಲಿಟ್ಟೆವು. ಐದಾರು ನಿಮಿಷಗಳಲ್ಲಿಯೇ ಸಿಪ್ಪೆ ಕರಿಕಲಾಗಿ ಬಿರಿಯಿತು. ವಾಸನೆ ಬೀದಿಯವರೆಗೂ ಹೋಯಿತು. ಕೆಲಸ ಇಷ್ಟು ಸುಲಭವೇ ಎಂದು ಹಿಗ್ಗಿ ಸುಲಿದು ನೋಡಿದರೆ ಒಳಗಿನದು ಬಿಳಿಯ ಬೆಂಡು. ಮಸೆದರೆ ಮಸೆಯದು, ಹಿಂಡಿದರೆ ಗಂಟುಗಂಟು. ಆದರೂ ಹುಣಿಸೆಹಣ್ಣು ಹಾಕಿ ಬಡಿಸಿದೆವು. ತಂದೆಯವರು ಒಂದು ತುತ್ತನ್ನು ಬಾಯಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ಹೊರಳಿಸಿ, “ಅದಕ್ಕಿನ್ನೂ ಜೀವ ಇದೆಯಪ್ಪ. ನಿಮ್ಮಮ್ಮ ಅದನ್ನು ಪೂರ್ತಿ ಸಾಯಿಸುತ್ತಿದ್ದಳು” ಎಂದರು. ಹಲ್ಲಿಲ್ಲದ ಬಾಯಿಗೆ ಬೆಂಡಿನ ಗೊಜ್ಜನ್ನು ಬಡಿಸಿದ ನಾಚಿಕೆ ನಮ್ಮನ್ನು ಆ ರಾತ್ರಿಯೆಲ್ಲ ಬಿಡಲಿಲ್ಲ. ಅವರು ಹೇಳಿದ ಮಾತಿನಲ್ಲಿಯೇ ಈ ಅಡಿಗೆಯ ರಹಸ್ಯವಿತ್ತೆಂಬುದು ಬೆಳಗಿನ ಹೊತ್ತಿಗೆ ಹೊಳೆಯಿತು. ಕಲಿಯುವವರು ಬಣ್ಣವನ್ನು ನೋಡುತ್ತಾರೆ. ಬಲ್ಲವರು ಆಕಾರವನ್ನು ನೋಡುತ್ತಾರೆ. ಸಿಪ್ಪೆ ಕರಿಯಾಗುವುದಕ್ಕೂ ತಿರುಳು ಬೇಯುವುದಕ್ಕೂ ಸಂಬಂಧವಿಲ್ಲ. ಕಾಯಿ ತನ್ನ ಉಬ್ಬನ್ನೆಲ್ಲ ಕಳೆದುಕೊಂಡು, ಗಾಳಿ ಬಿಟ್ಟ ಚೆಂಡಿನಂತೆ ಕುಸಿದು, ಇಟ್ಟ ಕಡೆ ಚಪ್ಪಟೆಯಾಗಿ ಮಲಗಬೇಕು. ರಸ ಜಿನುಗಿ ಚುಯ್ ಎನ್ನಬೇಕು. ಎಲ್ಲಕ್ಕೂ ಕಡೆಯಲ್ಲಿ ಬೇಯುವುದು ತೊಟ್ಟಿನ ಬುಡ. ಅಲ್ಲಿ ಚೂರಿಯ ಮೊನೆ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಬೇಕು. ಕೆಟ್ಟೇ ಹೋಯಿತೆಂದು ನಿಮಗೆ ತೋರಿದ ಮೇಲೆ ಇನ್ನೂ ಐದು ನಿಮಿಷ ಬಿಡಿ. ಬದನೆಕಾಯಿ ಕಡಮೆ ಬೆಂದು ಕೆಟ್ಟದ್ದುಂಟು. ಹೆಚ್ಚು ಬೆಂದು ಕೆಟ್ಟದ್ದನ್ನು ನಾವು ಈವರೆಗೆ ಕಂಡಿಲ್ಲ.

ಯಾವ ಬೆಂಕಿ ಉತ್ತಮ? ರುಚಿಯಲ್ಲಿ ಕೆಂಡವೇ ಮೇಲು. ಜ್ವಾಲೆ ಅಡಗಿ, ಮೇಲೆ ಬಿಳಿಯ ಬೂದಿ ಕಟ್ಟಿದ ಕೆಂಡದ ನಡುವೆ ಕಾಯಿಯನ್ನು ಹುದುಗಿಸಿ, ಎರಡು ಮೂರು ಬಾರಿ ಹೊರಳಿಸಿದರೆ ಅರ್ಧ ಗಂಟೆಯೊಳಗೆ ಸಿದ್ಧ. ಹಳ್ಳಿಯ ಮನೆಯವರೂ ಹಿತ್ತಿಲಿನಲ್ಲಿ ನೀರೊಲೆ ಉಳ್ಳವರೂ ಈ ಭಾಗ್ಯವನ್ನು ಬಿಡಬಾರದು. ಆದರೆ ಈ ಆಸೆಗೆ ಬಿದ್ದು ಮಹಡಿಮನೆಗಳ ಮುಚ್ಚಿದ ಅಡಿಗೆಮನೆಯೊಳಗೆ ಇದ್ದಿಲನ್ನು ಹೊತ್ತಿಸಕೂಡದು. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಪ್ರಾಣವನ್ನೇ ತೆಗೆಯಬಲ್ಲುದು. ಗ್ಯಾಸಿನ ಒಲೆಯಾದರೆ ಕಾಯಿಗೆ ಕಡಲೆಕಾಯಿ ಎಣ್ಣೆ ಸವರಿ, ನಡುಮಟ್ಟದ ಉರಿಯಲ್ಲಿ ಎರಡು ಮೂರು ನಿಮಿಷಕ್ಕೊಮ್ಮೆ ಇಕ್ಕಳದಿಂದ ತಿರುಗಿಸುತ್ತ, ಹದಿನೈದರಿಂದ ಇಪ್ಪತ್ತು ನಿಮಿಷ ಅಲ್ಲಿಯೇ ನಿಲ್ಲಬೇಕು. ನಿಲ್ಲುವ ತಾಳ್ಮೆಯಿಲ್ಲದವರು ಇದಕ್ಕೆ ಕೈಹಾಕದಿರುವುದು ಲೇಸು. ರಸ ತೊಟ್ಟಿಕ್ಕಿ ಒಲೆ ಕೊಳೆಯಾಗುವುದೂ ನಿಜ.

ನಗರದ ಮನೆಗೆ ನಾವು ಶಿಫಾರಸು ಮಾಡುವುದು ಎರಡನ್ನೂ ಕೂಡಿಸಿದ ಕ್ರಮ. ಚುಚ್ಚಿ ಎಣ್ಣೆ ಸವರಿದ ಕಾಯಿಯನ್ನು 220 ಡಿಗ್ರಿ ಸೆಂಟಿಗ್ರೇಡಿಗೆ ಕಾದ ಓವನ್ನಿನಲ್ಲಿ ತಟ್ಟೆಯ ಮೇಲಿಟ್ಟು, ನಡುವೆ ಒಮ್ಮೆ ಮಗುಚಿ, ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ಸುಡಿ. ಇದರಿಂದ ತಿರುಳು ಬೂದಿಯಲ್ಲಿಟ್ಟಷ್ಟೇ ಸಮನಾಗಿ ಬೇಯುತ್ತದೆ. ಹೊಗೆಯ ಪರಿಮಳ ಮಾತ್ರ ಬಾರದು. ಆದಕಾರಣ ಹೊರಗೆ ತೆಗೆದ ಮೇಲೆ ಗ್ಯಾಸಿನ ಉರಿಯಲ್ಲಿ ಎರಡು ಮೂರು ನಿಮಿಷ ಸಿಪ್ಪೆಯನ್ನು ಎಲ್ಲ ಕಡೆಯೂ ಕರಿಕಲು ಮಾಡಿ. ಒಂದೇ ಬದನೆಕಾಯಿಗಾಗಿ ಗಂಟೆಯ ಹೊತ್ತು ವಿದ್ಯುಚ್ಛಕ್ತಿಯನ್ನು ಸುರಿಯುವುದು ನಮ್ಮ ತಾಯಿಯವರ ಆರುವ ಒಲೆಯನ್ನು ಕಂಡವರಿಗೆ ಒಪ್ಪಿಗೆಯಾಗದು. ಅದೇ ತಟ್ಟೆಯಲ್ಲಿ ಎರಡು ಗೆಣಸು, ಒಂದು ಹೋಳು ಸಿಹಿಗುಂಬಳ, ಇಡಿಯಾದ ಒಂದು ಬೆಳ್ಳುಳ್ಳಿ ಗಡ್ಡೆ ಇಡಿ. ನಾಳೆಯ ತಿಂಡಿಗೂ ಆಯಿತು. ಮೈಕ್ರೋವೇವ್ ಪೆಟ್ಟಿಗೆಯಲ್ಲಿ ಬದನೆಕಾಯಿ ಬೇಯುತ್ತದೆಯೇ ಹೊರತು ಸುಡುವುದಿಲ್ಲ. ಅದರ ವಿಚಾರ ಇಷ್ಟು ಸಾಕು.

ಸುಟ್ಟ ಕಾಯಿಯನ್ನು ಒಂದು ಪಾತ್ರೆಯಲ್ಲಿಟ್ಟು ಹತ್ತು ನಿಮಿಷ ಮುಚ್ಚಿಡಿ. ಒಳಗಿನ ಆವಿಗೆ ಸಿಪ್ಪೆ ಸಡಿಲವಾಗಿ, ಬೆರಳಿಗೆ ನೀರು ಮುಟ್ಟಿಸಿಕೊಂಡು ಎಳೆದರೆ ಪದರಪದರವಾಗಿ ಬರುತ್ತದೆ. ಕೆಲವರು ನಲ್ಲಿಯ ಕೆಳಗೆ ಹಿಡಿದು ತೊಳೆಯುತ್ತಾರೆ. ಇಷ್ಟು ಹೊತ್ತು ಕಾದು ಗಳಿಸಿದ ಪರಿಮಳವನ್ನು ಚರಂಡಿಗೆ ಬಿಡುವ ಈ ಚೊಕ್ಕತನ ನಮಗೆ ಅರ್ಥವಾಗಿಲ್ಲ. ಅಲ್ಲೊಂದು ಇಲ್ಲೊಂದು ಕರಿಯ ಚೂರು ಉಳಿದರೆ ಉಳಿಯಲಿ. ಪಾತ್ರೆಯ ತಳದಲ್ಲಿ ನಿಂತ ರಸವನ್ನು ನಾಲಗೆಗೆ ಮುಟ್ಟಿಸಿ ನೋಡಿ. ಸಿಹಿಯಾಗಿದ್ದರೆ ಗೊಜ್ಜಿಗೇ ಸೇರಿಸಿ, ಕಹಿಯಾಗಿದ್ದರೆ ಚೆಲ್ಲಿ. ತಿರುಳನ್ನು ಮಿಕ್ಸಿಗೆ ಹಾಕಬೇಡಿ, ಅಂಟಾಗುತ್ತದೆ. ಕೈಯಿಂದಲೋ ಮರದ ಸೌಟಿನಿಂದಲೋ ಕಿವುಚಿದರೆ ಸಾಕು.

ಇಷ್ಟಾದ ಮೇಲೆ ಗೊಜ್ಜು ಐದು ನಿಮಿಷದ ಕೆಲಸ. ಒಂದು ಕಾಯಿಯ ತಿರುಳಿಗೆ ಸಣ್ಣ ಗೋಲಿಯಷ್ಟು ಹುಣಿಸೆಹಣ್ಣನ್ನು ನೆನೆಸಿ ಗಟ್ಟಿಯಾಗಿ ಹಿಂಡಿದ ರಸ, ಅಡಿಕೆಯಷ್ಟು ಬೆಲ್ಲ, ಮುಕ್ಕಾಲು ಟೀ ಚಮಚ ಉಪ್ಪು. ಅದೇ ಬೆಂಕಿಯಲ್ಲಿ ಸುಟ್ಟ ಎರಡು ಮೂರು ಹಸಿಮೆಣಸಿನಕಾಯಿಗಳನ್ನು ಉಪ್ಪಿನೊಡನೆ ನುರಿದು ಬೆರಸಿ. ಅವನ್ನೂ ಸುಡುವ ಮೊದಲು ಸ್ವಲ್ಪ ಸೀಳಿರಬೇಕೆಂದು ಬೇರೆ ಹೇಳಬೇಕಾಗಿಲ್ಲವಷ್ಟೆ. ಎರಡು ಟೀ ಚಮಚ ಎಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಒಂದು ಒಣಮೆಣಸಿನಕಾಯಿ, ಕರಿಬೇವು, ಚಿಟಿಕೆ ಇಂಗು ಇವುಗಳ ಒಗ್ಗರಣೆ. ಮೇಲೆ ಕೊತ್ತಂಬರಿಸೊಪ್ಪು. ಕಾಯಿತುರಿ ಹಾಕುವ ಮನೆಗಳುಂಟು, ಹಸಿಯ ಈರುಳ್ಳಿ ಹಾಕುವ ಮನೆಗಳುಂಟು; ಎರಡೂ ಸರಿಯೇ. ಗೊಜ್ಜನ್ನು ಮತ್ತೆ ಕುದಿಸಬಾರದು. ಕುದಿಸಿದರೆ ಹೊಗೆಯ ಪರಿಮಳ ಮಂಕಾಗುತ್ತದೆ. ಮೊಸರುಗೊಜ್ಜು ಬೇಕಾದರೆ ಹುಣಿಸೆ ಬೆಲ್ಲಗಳನ್ನು ಬಿಟ್ಟು, ತಿರುಳು ಪೂರ್ತಿ ಆರಿದ ಮೇಲೆ ಒಂದು ಬಟ್ಟಲು ಹುಳಿಯಿಲ್ಲದ ಮೊಸರನ್ನು ಕೂಡಿಸಿ ಒಗ್ಗರಣೆ ಕೊಡಿ. ಬಿಸಿಯ ಮೇಲೆ ಹಾಕಿದರೆ ಮೊಸರು ಒಡೆಯುತ್ತದೆ. ಚಾತುರ್ಮಾಸ್ಯದಲ್ಲಿ ಬದನೆಯನ್ನು ವರ್ಜಿಸುವ ಮನೆಗಳವರು ಕಾರ್ತಿಕದವರೆಗೆ ಕಾಯಬೇಕು. ಬದನೆ ತಿಂದರೆ ಬಾಯಿ ತುರಿಸುವ ಕೆಲವರಿದ್ದಾರೆ; ಅವರು ಇದನ್ನು ಬಿಡುವುದೇ ಕ್ಷೇಮ.

ಮೂರನೆಯ ದಿನ ಸಂಜೆ ಕಾಲೇಜಿನಿಂದ ಬಂದವರೇ ಕೆಲಸಕ್ಕೆ ತೊಡಗಿದೆವು. ಮಳೆ ಹೊಡೆಯುತ್ತಿತ್ತು. ತಂದೆಯವರು ಅಡಿಗೆಮನೆಯ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು ಕುಳಿತು, ಮೂರು ಬಾರಿ “ಇನ್ನೂ ಆಗಿಲ್ಲ” ಎಂದರು. ನಾಲ್ಕನೆಯ ಬಾರಿ ಏನೂ ಹೇಳಲಿಲ್ಲ. ಅವರ ಮೌನವನ್ನು ಒಪ್ಪಿಗೆಯೆಂದು ತಿಳಿದು ಕಾಯಿಯನ್ನು ತೆಗೆದೆವು. ತೊಟ್ಟನ್ನು ಹಿಡಿದು ಎತ್ತಿದರೆ ತೊಟ್ಟು ಮಾತ್ರ ಕೈಗೆ ಬಂದು ಉಳಿದದ್ದು ತಟ್ಟೆಯಲ್ಲಿಯೇ ಮಲಗಿತು. ಮೆತ್ತಗೆ ಮಾಡಿದ ಅನ್ನ, ಮೇಲೆ ಒಂದು ಚಮಚ ತುಪ್ಪ, ಪಕ್ಕದಲ್ಲಿ ಗೊಜ್ಜು. ಮೊದಲನೆಯ ತುತ್ತು ಬಾಯಿಗೆ ಹೋದಾಗ ಅವರ ಮುಖವನ್ನು ನೋಡುವ ಧೈರ್ಯ ನಮಗಾಗಲಿಲ್ಲ, ಎಲೆಯನ್ನೇ ನೋಡುತ್ತಿದ್ದೆವು. ಎಲೆಯ ಮೇಲಿನ ಅನ್ನ ಮೆಲ್ಲಮೆಲ್ಲನೆ ಕರಗುತ್ತ ಬಂದು, ಕೊನೆಗೆ ಗೊಜ್ಜು ಒಂದಿಷ್ಟು ಉಳಿಯಿತು.

“ಉಪ್ಪು ಒಂದು ಕಲ್ಲು ಕಡಮೆ” ಎಂದರು. ಅನಂತರ ಆ ಉಳಿದ ಗೊಜ್ಜನ್ನು ಬೆರಳಿನಿಂದ ಒತ್ತಟ್ಟಿಗೆ ಮಾಡಿಕೊಂಡು, “ಇದಕ್ಕೆ ಇನ್ನೊಂದು ಹಿಡಿ ಅನ್ನ ಹಾಕು” ಎಂದರು.